ಇಲಿಮನೆಯ ಸರಸಕ್ಕ

ಮೂಡುಬಿದಿರೆಯ ಪ್ರಯೋಗಾಲಯವೊಂದರಲ್ಲಿ ಇಲಿ ಸಾಕುವ ಸರಸಕ್ಕ ಮಲ್ಲಿಗೆ ಮುಡಿಯುವುದಿಲ್ಲ, ವಾಸನೆಗೆ ಇಲಿಗಳು ಬೆದರುತ್ತವಂತೆ. ಬಳೆ ಕಳಚಿಟ್ಟು ಗೂಡುಗಳೊಡನೆ ತುಳುವಿನಲ್ಲಿ ಪಿಸುಗುಟ್ಟುತ್ತಾಳೆ. ಪ್ರೊಫೆಸರು ಸೀನಿದರೂ "ಹೊರಗೆ ಹೋಗಿ ಸೀನಿ ಸರ್, ಮಕ್ಕಳು ಹೆದರ್ತಾವೆ" ಎನ್ನುತ್ತಾಳೆ. ಮೊನ್ನೆ ಸಂಶೋಧಕಿ ತ್ರಿಶಾ ತೋರಿಸಿದ ಇಲಿಯ ಮಿದುಳಿನ ಚಿತ್ರದಲ್ಲಿ ನೆನಪಿನ ಭಾಗ ಕುಗ್ಗಿತ್ತು, ಸದಾ ಹೆದರಿ ಬದುಕುವ ಇಲಿಗಳಲ್ಲಿ ಆಗುವಂತೆ. "ನಾನು ಒಂದು ದಿನವೂ ಹೆದರಿಸ್ಲಿಲ್ಲ ಮೇಡಂ" ಎಂದಳು ಸರಸಕ್ಕ. "ನಿಮ್ಮಿಂದ ಅಲ್ಲ ಅಕ್ಕ. ಒತ್ತಡವನ್ನು ಹದದಲ್ಲಿಡುವ ಜೀನು ಇದಕ್ಕೆ ಹುಟ್ಟುವಾಗಲೇ ಇರ್ಲಿಲ್ಲ. ಯಾರೂ ಹೆದರಿಸದಿದ್ರೂ ಮಿದುಳು ಬೆಳೆಯುದು ಹೀಗೆಯೇ." ಸರಸಕ್ಕ ಆ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು. ಮನೆಯಲ್ಲಿ ಮಿಕ್ಸಿ ಸದ್ದಿಗೂ ಮಂಚದಡಿ ಸೇರುವ ಅವಳ ಮಗಳನ್ನು ತೋರಿಸಿ, "ಬಸುರಿಯಿರುವಾಗ ಭೂತಕೋಲಕ್ಕೆ ಹೋಗಿ ಹೆದರಿದ್ದು ನೀನಲ್ವಾ" ಎಂದು ಅತ್ತೆ ಹದಿನೆಂಟು ವರ್ಷ ಹೇಳಿದ್ದನ್ನು ಆಕೆ ನಂಬಿದ್ದಳು. "ಯಾರೂ ಹೆದರಿಸದೆಯೂ?" ಎಂದು ಕೇಳಿದಳು, ಇಲಿಗಳೆಲ್ಲ ಬೆಚ್ಚುವಷ್ಟು ಗಟ್ಟಿಯಾಗಿ.