ಜುಪಿಟರನಿಗೊಂದು ಹೂವಿನ ಪೂಜೆ

“ಟೀಚರೆ, ಅಲ್ಲಿ ಪ್ರಶ್ನೆ ಇಟ್ಟು ನೋಡಿದ್ದಾರಾ?”

ಗುತ್ತಿಗಾರಿನ ಸಭೆಯೊಂದರಲ್ಲಿ ಲೆಬನಾನಿನ ಬಾಲ್‌ಬೆಕ್‌ನ ರೋಮನ್ ದೇವಾಲಯಗಳ ಚಿತ್ರ ತೋರಿಸಿ, ಜುಪಿಟರನ ಗುಡಿಯಲ್ಲಿ ಈಗ ಆರೇ ಕಂಬ ನಿಂತಿವೆ ಎಂದು ಮಾತು ಮುಗಿಸಿದ್ದೆ. ಕೇಳಿದವರು ಊರಿನ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಸುಬ್ಬಣ್ಣ ಗೌಡರು. ಗುಡಿ ಪಾಳುಬಿದ್ದರೆ ಪ್ರಶ್ನೆ ಇಡುವುದು, ಅಂದರೆ ಜ್ಯೋತಿಷಿಗಳನ್ನು ಕರೆಸಿ ದೇವರ ಇಚ್ಛೆ ಕೇಳುವುದು, ನಮ್ಮಲ್ಲಿಯ ಪದ್ಧತಿ.

“ಚಕ್ರವರ್ತಿಗಳೇ ಮತ ಬದಲಿಸಿ ಪೂಜೆ ನಿಲ್ಲಿಸಿದ್ರು ಗೌಡ್ರೆ. ಮತ್ತೆ ಭೂಕಂಪ ಆಯ್ತು. ಈಗ ಭಕ್ತರೇ ಇಲ್ಲ” ಎಂದೆ.

“ಒಬ್ಬರಾದ್ರೂ ಬೇಡ್ವಾ ಮಾರಾಯ್ರೆ?”

ಸಭೆ ನಕ್ಕಿತು. ಕಾಡು ಬೆಳೆದಿದ್ದ ಗುಡಿಯನ್ನು ಮತ್ತೆ ಕಟ್ಟಿಸಲು ಅರ್ಧ ಆಯುಷ್ಯ ಕಳೆದಿದ್ದ ಗೌಡರು ನಗಲಿಲ್ಲ.

ಮರುದಿನ ಅವರು ಶಾಲೆಗೆ ಬಂದು ಬಾಳೆಲೆಯಲ್ಲಿ ಸುತ್ತಿದ ಪ್ರಸಾದ ಕೊಟ್ಟರು. “ಆ ದೇವರ ಹೆಸರಲ್ಲಿ ಒಂದು ಹೂವಿನ ಪೂಜೆ ಮಾಡಿಸಿದೆ. ಭಟ್ರು ನಕ್ಷತ್ರ ಕೇಳಿದ್ರು. ಟೀಚರಿಗೂ ಗೊತ್ತಿರ್ಲಿಕ್ಕಿಲ್ಲ ಅಂದೆ.”

ಗೊತ್ತಿಲ್ಲವೆಂದು ಒಪ್ಪಿಕೊಂಡೆ. ಹೂವು ಮುಡಿದುಕೊಂಡು ತರಗತಿಗೆ ಹೋದೆ.

ಈಗ ಪಾಳುಗುಡಿಯ ಚಿತ್ರ ಕಂಡರೆ, ಅದು ಯಾವ ಕಾಲದ್ದು ಎನ್ನುವುದಕ್ಕಿಂತ ಮೊದಲು, ಅಲ್ಲಿ ಕೊನೆಯದಾಗಿ ಕೈಮುಗಿದು ಮನೆಗೆ ಹೋದವರು ಯಾರಿರಬಹುದು ಎಂಬ ಯೋಚನೆ ಬರುತ್ತದೆ.