ಹಿಮದ ಗೂಡುದೀಪ

ಹೆಂಡತಿ ತೀರಿಕೊಂಡ ಮೇಲಿನ ಮೊದಲ ಚಳಿಗಾಲ ಅದು. ಎಪ್ಪತ್ತರ ದಶಕ, ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್. ನಾನು ಸ್ಕೂಲಿನಲ್ಲಿ ಪಾಠ ಮುಗಿಸಿ ಬರುವಷ್ಟರಲ್ಲಿ ಪಕ್ಕದ ಮನೆಯ ಸ್ವೀಡನ್ನಿನ ಅಜ್ಜಿ ನಮ್ಮ ಅಂಗಳದಲ್ಲಿ ಹಿಮದ ಉಂಡೆಗಳನ್ನು ಗೋಪುರದಂತೆ ಪೇರಿಸಿ, ಒಳಗೆ ಮೇಣದಬತ್ತಿ ಹಚ್ಚಿಟ್ಟಿದ್ದರು.

"ನಿಮ್ಮ ಹೆಂಡತಿಗಾಗಿ," ಎಂದರು.

ಅಷ್ಟರಲ್ಲಿ ಗಾಳಿ ಎದ್ದಿತು. "ದೀಪ ಹೀಗೇ ಬಿಡಲೇ?" ಎಂದು ಕೇಳಿದರು. ಅದು ಗಾಳಿಗೆ ತಾನಾಗಿ ಹೋಗುವುದನ್ನು ನೋಡುವ ಶಕ್ತಿ ನನಗಿರಲಿಲ್ಲ; ಅದಕ್ಕೆ ಮೊದಲು ಅವರೇ ಆರಿಸಿಬಿಡಲಿ ಎನಿಸಿತು. ಆದರೆ ನಮ್ಮ ಮನೆಯಲ್ಲಿ 'ದೀಪ ಆರಿಸು' ಎನ್ನುವುದು ಅಶುಭ. 'ದೊಡ್ಡದು ಮಾಡು' ಎನ್ನುತ್ತೇವೆ. ಇಂಗ್ಲಿಷಿನಲ್ಲೂ ಹಾಗೆಯೇ ಹೇಳಿದೆ: "ಮೇಕ್ ಇಟ್ ಬಿಗ್."

"ಇನ್ನೂ ದೊಡ್ಡದೇ?" ಅಜ್ಜಿ ಮತ್ತೆ ಉಂಡೆ ಕಟ್ಟತೊಡಗಿದರು.

"ಅಲ್ಲ, ಬಿಗ್ ಅಂದರೆ... ಬಿಗ್."

"ಗೊತ್ತಾಯಿತು ಮಾರಾಯರೇ, ಅಷ್ಟು ಪ್ರೀತಿ!" ಎಂದು ಕಣ್ಣೊರೆಸಿಕೊಂಡು ಗಂಡನನ್ನೂ ಕೂಗಿ ಕರೆದರು.

ಇಬ್ಬರೂ ಸೇರಿ ಗೋಪುರವನ್ನು ನನ್ನ ಎದೆಮಟ್ಟಕ್ಕೆ ಏರಿಸಿದರು. ಆಮೇಲೆ ಒಳಗಿನ ದೀಪ ಗಾಳಿಗೂ ಎಟುಕಲಿಲ್ಲ, ನನ್ನ ಕೈಗೂ ಎಟುಕಲಿಲ್ಲ. ಮೇಣ ಮುಗಿಯುವವರೆಗೆ ಉರಿಯಿತು.

ಇಷ್ಟು ವರ್ಷ ಪಾಠ ಹೇಳಿದ್ದೇನೆ. ನಾನು ತಪ್ಪಾಗಿ ಹೇಳಿದ್ದನ್ನು ಇಷ್ಟು ಸರಿಯಾಗಿ ಮಾಡಿದವರು ಬೇರೆ ಯಾರೂ ಇಲ್ಲ.