ನೆಕ್ಕರೆ ಕುದುರಿಗೆ ಇಳಿದ ಸುಂದರಿ

ಆಲಂಕಾರಿನ ಕೆಳಗೆ ಕುಮಾರಧಾರೆ ಹೊಳೆ ಎರಡು ಕವಲಾಗಿ ಹರಿದು ಮತ್ತೆ ಕೂಡುತ್ತದೆ. ನಡುವೆ ಸಿಕ್ಕಿಕೊಂಡ ನೆಲವೇ ನೆಕ್ಕರೆ ಕುದುರು. ಮರಳು, ಮೆಕ್ಕಲು ಮಣ್ಣು, ಒಂದು ಮುದಿ ನೆಕ್ಕರೆ ಮಾವಿನ ಮರ, ಇಷ್ಟೇ ಅದರ ಆಸ್ತಿ. ಕಥೆಗಳಿಗೆ ಮಾತ್ರ ಬರ ಇರಲಿಲ್ಲ. ಹಿಂದೆ ಯಾವನೋ ಬಲ್ಲಾಳ ಅರಸನ ತಂಗಿ ಶತ್ರುಗಳಿಗೆ ಹೆದರಿ ಅಲ್ಲಿ ಅಡಗಿದ್ದಳಂತೆ. ಹೊಳೆ ಉಕ್ಕಿ ಅವಳನ್ನು ಕೊಂಡುಹೋಯಿತಂತೆ. ಅಂದಿನಿಂದ ಹೆಣ್ಣು ಕಾಲಿಟ್ಟರೆ ಹೊಳೆ ಕೆರಳುತ್ತದಂತೆ. ಬ್ಯಾರಿ ಮುಸ್ಲಿಮರು ಹೇಳುವ ಕಥೆಯಲ್ಲಿ ತಂಗಿಯ ಬದಲು ಒಬ್ಬ ಅವುಲಿಯಾ, ಅಂದರೆ ಸೂಫಿ ಸಂತರು, ಇದ್ದರು. ಕಥೆ ಯಾವುದಾದರೇನು, ಎರಡರ ಪ್ರಕಾರವೂ ಕುದುರಿನಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ.

ಸುಂದರಿ ಹೊಳೆ ದಾಟಿಸುವ ಕಡವಿನ ದೋಣಿಯ ತ್ಯಾಂಪಣ್ಣನ ಹೆಂಡತಿ. ಕುದುರಿನ ಮಣ್ಣನ್ನು ತ್ಯಾಂಪಣ್ಣ ಪಟೇಲ ಬೆಳ್ಯಪ್ಪ ಗೌಡರಿಂದ ಗೇಣಿಗೆ ಹಿಡಿದಿದ್ದ. ಮಳೆಗಾಲ ಕಳೆದು ನೀರು ಇಳಿದ ಮೇಲೆ ಅಲ್ಲಿ ಸೌತೆ, ಬಚ್ಚಂಗಾಯಿ ಎನ್ನುವ ಕಲ್ಲಂಗಡಿ ಬೆಳೆದರೆ ಮನೆಯವರ ಹೊಟ್ಟೆ ತಣ್ಣಗಿರುತ್ತಿತ್ತು. ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ ಮರದ ತೆಪ್ಪಕ್ಕೂ ಬಂಡೆಗೂ ನಡುವೆ ಸಿಕ್ಕಿ ಅವನ ಬಲ ಭುಜ ಮುರಿಯಿತು. ದೋಣಿಯ ಗಳವನ್ನು ಸುಂದರಿ ಹಿಡಿದಳು. ಊರು ಮೂಗಿನ ಮೇಲೆ ಬೆರಳಿಟ್ಟಿತು, ಆಮೇಲೆ ಅದೇ ದೋಣಿ ಹತ್ತಿ ಪೇಟೆಗೆ ಹೋಯಿತು.

ಬೇಸಾಯ ಮಾಡುವವರಿಲ್ಲದೆ ಕುದುರು ಮಾತ್ರ ಹಡಿಲು ಬಿತ್ತು. ಬೇಸಾಯ ತಾನು ಮಾಡುತ್ತೇನೆ ಎಂದು ಸುಂದರಿ ಕೇಳಿದಾಗ ಪಟೇಲರು ಬಹಳ ಯೋಚಿಸಿ ತೀರ್ಪು ಕೊಟ್ಟರು. ದೋಣಿ ನೀರಿನ ಮೇಲಿರುವುದು, ಅದಕ್ಕೆ ಅಡ್ಡಿಯಿಲ್ಲ. ಕಾಲು ನೆಲಕ್ಕೆ ತಾಗಬಾರದು. ಗಂಜಿಗೆ ಏನು ಮಾಡುವುದೆಂದು ಅವರೂ ಹೇಳಲಿಲ್ಲ, ಬಲ್ಲಾಳನ ತಂಗಿಯೂ ಹೇಳಲಿಲ್ಲ. ಅಂದಿನಿಂದ ಸುಂದರಿಗೆ ಒಂದೇ ಹಟ, ಆ ಮಣ್ಣಿನಲ್ಲಿ ತಾನು ಬೀಜ ಹಾಕಿಯೇ ಸಿದ್ಧ.

ಅಷ್ಟರಲ್ಲಿ ಮಂಗಳೂರಿನ ಪತ್ರಿಕೆಯೊಂದರಲ್ಲಿ ಕುದುರಿನ ಚಿತ್ರ ಬಂತು, ಜೊತೆಗೆ ಬಲ್ಲಾಳನ ತಂಗಿಯ ಕಥೆಯೂ ಬಂತು. ಪುತ್ತೂರಿನಿಂದ, ಸುಳ್ಯದಿಂದ ಜನ ಬುತ್ತಿ ಕಟ್ಟಿಕೊಂಡು ಪಿಕ್ನಿಕ್‌ಗೆ ಬರತೊಡಗಿದರು. ಹೆಂಡತಿ, ಮಕ್ಕಳು, ಅತ್ತೆ, ನಾದಿನಿ ಎಲ್ಲರೂ ಚಪ್ಪಲಿ ಮೆಟ್ಟಿಕೊಂಡೇ ಕುದುರಿಗೆ ಇಳಿದರು. ಹೊಳೆ ಸುಮ್ಮನಿತ್ತು. ಅವರಿಗೇಕೆ ತಡೆ ಇಲ್ಲವೆಂದು ಸುಂದರಿ ಕೇಳಿದ್ದಕ್ಕೆ, ಅವರು ಪರವೂರಿನವರು, ಹೊಳೆಗೆ ಅವರ ಗುರುತಿಲ್ಲ ಎಂದರು ಪಟೇಲರು. ಎಲ್ಲರನ್ನೂ ಇಳಿಸಿ ಸುಂದರಿ ಬಿಸಿಲಿನಲ್ಲಿ ದೋಣಿಯೊಳಗೇ ಕೂತಿರುತ್ತಿದ್ದಳು. ತನ್ನ ಗೇಣಿಯ ನೆಲದಲ್ಲಿ ಬೇರೆಯವರು ಎಲೆ ಹಾಕಿ ಉಣ್ಣುವುದನ್ನು ನೋಡುವಾಗ ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಉರಿಯದೆ ಇದ್ದೀತೇ?

ಅರವತ್ತಮೂರರ ಮೇ ತಿಂಗಳ ಒಂದು ಮಧ್ಯಾಹ್ನ ಘಟ್ಟದ ಕಡೆ ಮೋಡ ಕಪ್ಪಾಯಿತು. ಇಲ್ಲಿ ಒಂದು ಹನಿಯೂ ಬೀಳಲಿಲ್ಲ, ಆದರೆ ಹೊಳೆಯ ನೀರು ಕೆಂಪಾಗಿ ಏರತೊಡಗಿತು. ಪುತ್ತೂರಿನ ಒಂದು ಸಂಸಾರ ಮಾವಿನ ಮರದ ಆಚೆ ಗ್ರಾಮಾಫೋನು ಹಚ್ಚಿಕೊಂಡು ಕೂತಿತ್ತು. ಸುಂದರಿ ದೋಣಿಯಿಂದಲೇ ಕೂಗಿದಳು. ಹಾಡಿನ ಅಬ್ಬರದಲ್ಲಿ ಯಾರಿಗೂ ಕೇಳಲಿಲ್ಲ. ಅವಳು ಮತ್ತೆ ಕೂಗಲಿಲ್ಲ. ದೋಣಿಯನ್ನು ಬೇರಿಗೆ ಬಿಗಿದು ಇಳಿದು ಓಡಿದಳು. ಮಕ್ಕಳನ್ನು ಮುಂದೆ ಅಟ್ಟಿ, ನಡೆಯಲಾರದ ಅಜ್ಜಿಯನ್ನು ಬೆನ್ನಿಗೆ ಹಾಕಿಕೊಂಡು ಎಲ್ಲರನ್ನೂ ದಡ ಸೇರಿಸಿದಳು. ಗ್ರಾಮಾಫೋನು ಹೊಳೆ ಪಾಲಾಯಿತು.

ದಡದಲ್ಲಿ ಊರು ನೆರೆದಿತ್ತು. ಇವಳು ಕಾಲಿಟ್ಟದ್ದಕ್ಕೇ ಹೊಳೆ ಬಂತು ಎಂದು ಯಾರೋ ಶುರುಮಾಡಿದರು. ಸುಂದರಿ ಸೆರಗು ಹಿಂಡುತ್ತಾ ತಿರುಗಿದಳು.

"ನೀರು ಬಂತು ಅಂತ ನಾನು ಇಳಿದದ್ದು. ನಾನು ಇಳಿದೆ ಅಂತ ನೀರು ಬಂದದ್ದಲ್ಲ. ಯಾವುದು ಮೊದಲು ಅಂತ ನೋಡಿದವರು ಇಲ್ಲೇ ಇದ್ದಾರಲ್ಲ, ಕೇಳಿ."

ಪಾರಾಗಿ ಬಂದವರನ್ನು ಎದುರಿಗಿಟ್ಟುಕೊಂಡು ಇಲ್ಲ ಎನ್ನುವುದು ಹೇಗೆ? ಪಟೇಲರು ವಾರವಿಡೀ ತಲೆ ಕೆರೆದುಕೊಂಡು ಹೊಸ ದಾರಿ ಹುಡುಕಿದರು. ಅವತ್ತು ಇಳಿದದ್ದು ಸುಂದರಿಯೇ ಅಲ್ಲ, ಬಲ್ಲಾಳನ ತಂಗಿಯೇ ದೇವಿಯಾಗಿ ಅವಳ ಮೈಮೇಲೆ ಬಂದಿದ್ದಳು. ಹಾಗಾಗಿ ಕಟ್ಟಳೆ ಮುರಿದಿಲ್ಲ. ಊರು ನಿಟ್ಟುಸಿರು ಬಿಟ್ಟಿತು. ಜನ ಹೂ, ಸೀಯಾಳ ಹಿಡಿದು ಅವಳ ಜಗಲಿಗೆ ಬಂದರು. ತ್ಯಾಂಪಣ್ಣನಿಗಂತೂ ನೆಲ ಕಾಣದಷ್ಟು ಹಿಗ್ಗು. ಸುಂದರಿಗೆ ಮೈಯೆಲ್ಲ ಉರಿಯಿತು. ಇಳಿದದ್ದು ದೇವಿಯಾದರೆ, ಮಾರನೆಯ ದಿನದಿಂದ ತಾನೂ ಇಳಿಯುವಂತಿಲ್ಲ, ಊರಿನ ಉಳಿದ ಹೆಂಗಸರೂ ಇಳಿಯುವಂತಿಲ್ಲ. ಕೈಮುಗಿದೇ ಬಾಗಿಲು ಹಾಕುವ ಉಪಾಯ ಅದು.

"ನನ್ನ ಮೈಮೇಲೆ ಯಾರೂ ಬರ್ಲಿಲ್ಲ ಪಟೇಲ್ರೇ," ಎಂದಳು. "ಹೋದದ್ದು ನಾನೇ. ಇನ್ನೂ ಹೋಗ್ತೇನೆ."

ಮಳೆಗಾಲ ಕಳೆಯಿತು. ನೀರು ಇಳಿದು ಕುದುರಿನ ಮೆಕ್ಕಲು ಮಣ್ಣು ಹೊರಗೆ ಕಂಡ ಮೇಲೆ ಒಂದು ಬೆಳಿಗ್ಗೆ ಅವಳು ನೆರೆಮನೆಯ ನೆಬೀಸಳನ್ನೂ ಆಚೆಮನೆಯ ವಾರಿಜಾಕ್ಷಿಯನ್ನೂ ದೋಣಿಗೆ ಹತ್ತಿಸಿಕೊಂಡಳು. ಹಾರೆ, ಗೊಬ್ಬರದ ಬುಟ್ಟಿ, ಬೀಜ ಎಲ್ಲ ಜೊತೆಗಿತ್ತು. ನೆಬೀಸ ಅವುಲಿಯಾಗಳ ಹೆಸರು ಹೇಳುತ್ತಲೇ ಕಾಲಿಟ್ಟಳು, ವಾರಿಜಾಕ್ಷಿ ಕಣ್ಣು ಮುಚ್ಚಿಕೊಂಡು. ಹೊಳೆ ತನ್ನ ಪಾಡಿಗೆ ಹರಿಯಿತು. ಬಿಸಿಲೇರುವ ಹೊತ್ತಿಗೆ ಮೂವರೂ ಹೆದರುವುದನ್ನು ಮರೆತು ಸಾಲು ವಕ್ರವಾದದ್ದಕ್ಕೆ ಜಗಳವಾಡುತ್ತಿದ್ದರು.

ಬೇಸಗೆಯಲ್ಲಿ ಪಿಕ್ನಿಕ್‌ನವರು ಬಂದು ದೇವಿ ಬಂದ ಹೆಂಗಸು ಯಾರೆಂದು ಕೇಳಿದರೆ, ಸುಂದರಿ ದೇವಿಯ ಮಾತು ಬಿಟ್ಟು ಬಚ್ಚಂಗಾಯಿ ಕೊಯ್ದು ಕೊಡುತ್ತಿದ್ದಳು.

ಅದೇ ದಿನಗಳಲ್ಲಿ ಪಟೇಲರ ಹೆಂಡತಿ ದೇವಮ್ಮ ಒಬ್ಬರೇ ಕಡವಿಗೆ ಬಂದರು. ಮದುವೆಯಾಗಿ ಬಂದಂದಿನಿಂದ ಅಡುಗೆಮನೆಯ ಕಿಟಕಿಯಿಂದ ಕುದುರನ್ನು ನೋಡುತ್ತಾ ತಲೆ ನರೆತ ಹೆಂಗಸು ಅವರು. ನೇರ ಬಂದು ದೋಣಿ ಹತ್ತಿದರು. ಸುಂದರಿ ಗಳ ಊರಿ ದೋಣಿ ಬಿಟ್ಟಳು. ದೇವಮ್ಮ ಕುದುರಿಗೆ ಇಳಿದು, ಬರಿಗಾಲಿನಲ್ಲಿ ಮರಳು ಮೆಟ್ಟಿ, ಮರದವರೆಗೆ ಹೋಗಿ ಸುತ್ತ ನೋಡಿದರು. ಅಲ್ಲಿಂದ ಅವರದೇ ಕಿಟಕಿ ಸಣ್ಣದಾಗಿ ಕಾಣುತ್ತಿತ್ತು.

"ಇಷ್ಟೇಯಾ ಸುಂದರಿ, ಇದು?"

"ಇಷ್ಟೇ ಅಮ್ಮಾ. ಇಷ್ಟಕ್ಕೇ ನಮ್ಮನ್ನು ಹೆದರಿಸಿ ಇಟ್ಟದ್ದು."

ದೇವಮ್ಮ ಅಲ್ಲೇ ಮರಳಿನ ಮೇಲೆ ಕೂತುಬಿಟ್ಟರು. ಅವರ ಕಣ್ಣು ತುಂಬಿತ್ತು. ಸುಂದರಿ ಒಂದು ಬಚ್ಚಂಗಾಯಿ ಒಡೆದು ದೊಡ್ಡ ಹೋಳನ್ನು ಅವರ ಕೈಗೆ ಕೊಟ್ಟಳು.